ಒಳಮಡಿಕೆ

ಜೀಲಾಂಗಿನ ಈ ಬೀದಿಯಲ್ಲಿ ನನ್ನ ಅಂಗಡಿಗೆ
ಹೊಸ ಬಟ್ಟೆ ಬರುವುದಿಲ್ಲ.
ಉದ್ದವಾದದ್ದು, ಬಿಗಿಯಾದದ್ದು, ಜಿಪ್ಪು ಕಿತ್ತದ್ದು,
ಮೈ ಬಿಟ್ಟು ಹೋದದ್ದು ಬರುತ್ತದೆ.

ಯೋಸಿಪ್ ತರುವುದು ಒಂದೇ ಪ್ಯಾಂಟು, ಬೂದಿ ಬಣ್ಣದ್ದು.
ಕಾರಿನ ಕಾರ್ಖಾನೆಯ ಗೆಳೆಯರಲ್ಲಿ ಒಬ್ಬರು ಹೋದಾಗಲೆಲ್ಲ
ಅದು ಬೀರುವಿನಿಂದ ಹೊರಗೆ ಬರುತ್ತದೆ.
"ಸೊಂಟ ಸ್ವಲ್ಪ ಬಿಡು, ವಾರಿಜಾ.
ತೊಡೆ ಸ್ವಲ್ಪ ಹಿಡಿ."
ಕಳೆದ ಮಾರ್ಚಿಯಲ್ಲೂ ಇದೇ ಮಾತು,
ಅದರ ಹಿಂದಿನ ಚಳಿಯಲ್ಲೂ.

ತೂಕ ಮಾತ್ರ ಎಪ್ಪತ್ತೊಂಬತ್ತು ಕಿಲೊ, ಕದಲಿಲ್ಲ,
ಮದುವೆಯ ದಿನ ಎಷ್ಟಿತ್ತೋ ಅಷ್ಟೇ ಎಂದು
ಹೆಮ್ಮೆ ಅವನಿಗೆ.
ತಕ್ಕಡಿಗೇನು, ಒಟ್ಟು ಕೇಳಿದರೆ ಒಟ್ಟು ಹೇಳುತ್ತದೆ.
ಒಳಗೆ ಯಾರು ಮನೆ ಖಾಲಿ ಮಾಡಿದರು,
ಯಾರು ಬಾಡಿಗೆಗೆ ಬಂದು ಕೂತರು,
ಅದಕ್ಕೆ ಬೇಕಿಲ್ಲ.

ಪಟ್ಟಿಗೆ ಗೊತ್ತು.
ದಾವಣಗೆರೆಯಲ್ಲಿ ನನ್ನಪ್ಪ
ಗರಡಿಯ ಹುಡುಗರಿಗೆ ಚಡ್ಡಿ ಹೊಲಿಯುತ್ತಿದ್ದ.
ತೊಡೆಗೆ ಪಟ್ಟಿ ಸುತ್ತಿ ಅಂಕಿ ಕೂಗುವನು,
ನಾನು ಬಳಪ ಹಿಡಿದು ಹಲಗೆಗೆ ಬರೆಯುವಳು.
"ಪಟ್ಟಿ ಸುಳ್ಳಾಡೋದಿಲ್ಲ ಮಗಾ,
ಆಡೋನು ಅಳೆಸ್ಕೊಳ್ಳೋನು,
ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳ್ಕೊಂಡು."
ತೊಡೆ ತಟ್ಟಿ ನಿಂತಿದ್ದ ಉಸ್ತಾದರು
ಮುಪ್ಪಿನಲ್ಲಿ ಪೈಜಾಮ ಅಳತೆಗೆ ಬಂದು ಹೋದ ಮೇಲೆ
ಅಪ್ಪ ಒಮ್ಮೊಮ್ಮೆ ಸುಮ್ಮನೆ ಹಲಗೆ ನೋಡುತ್ತ ನಿಲ್ಲುವನು.
ಯಾಕೆಂದು ಹೇಳುತ್ತಿರಲಿಲ್ಲ.
ಕೆಲವು ತಿಂಗಳಿಗೆ, ಅರ್ಧ ದಿನ ಅಂಗಡಿ ಮುಚ್ಚಿ,
ಹಾರ ಹಿಡಿದು ಹೋಗುವನು.

ಇವತ್ತು ಯೋಸಿಪನಿಗೆ ಪಟ್ಟಿ ಸುತ್ತಿದೆ.
ಸೊಂಟ ನೂರಾ ಐದು. ತೊಡೆ ನಲವತ್ತಾರು.
ಒಂದು ಕಾಲಕ್ಕೆ ಎಂಜಿನ್ನಿಗೆ ಹೆಗಲು ಕೊಟ್ಟವನ ಕಾಲು
ಈಗ ಛತ್ರಿಯ ಕಾವು.
ಹೊಟ್ಟೆ ಗಣಪನದು, ನಡಿಗೆ ಕೊಕ್ಕರೆಯದು.
ಡಾಕ್ಟರು ರಕ್ತ ನೋಡಿದ್ದಾರಂತೆ, ಎಲ್ಲ ಸರಿಯಿದೆಯಂತೆ.
ತೊಡೆಯನ್ನು ಯಾರೂ ಕೇಳಿಲ್ಲ.

"ಕೂತುಕೋ," ಎಂದೆ, ಮೂಲೆಯ ಸ್ಟೂಲು ತೋರಿಸಿ.
"ಈಗ ಕೈ ಊರದೆ ಏಳು ನೋಡೋಣ."
ನಕ್ಕ. ಎದೆಯ ಮೇಲೆ ಕೈ ಕಟ್ಟಿದ. ಮುಂದೆ ಬಾಗಿದ.
ಅರ್ಧ ಎದ್ದವನು
ಹಿಂದಿನಿಂದ ಯಾರೋ ಎಳೆದ ಹಾಗೆ ಕೂತುಬಿಟ್ಟ.
ನಗು ಇನ್ನೂ ಮುಖದ ಮೇಲೇ ಇತ್ತು,
ಹಬ್ಬ ಮುಗಿದರೂ ಬಿಚ್ಚದ ತೋರಣದ ಹಾಗೆ.

"ಯಾರದ್ದು ಈ ಸಲ?"
"ಡೆರಿಕ್. ಬಣ್ಣ ಹೊಡೆಯುವ ವಿಭಾಗದವನು.
ಬಚ್ಚಲಲ್ಲಿ ಬಿದ್ದ. ಸೊಂಟದ ಮೂಳೆ. ಆರೇ ವಾರ."
ಸ್ವಲ್ಪ ತಡೆದು, ಲೆಕ್ಕ ತಪ್ಪಿದವನಂತೆ:
"ಅವನೇನೂ ದಪ್ಪ ಇರಲಿಲ್ಲ, ಗೊತ್ತಾ."

ಗೊತ್ತು. ಅವನ ಕೋಟೂ ನಾನೇ ಹಿಡಿದದ್ದು, ಎರಡು ಸಲ.
ಆದರೆ ಪಟ್ಟಿ ಪಂಚಾಂಗವಲ್ಲ.
ಪೀಪಾಯಿಯಂಥವರು ತೊಂಬತ್ತು ದಾಟಿ
ಮೊಮ್ಮಗಳ ಮದುವೆಗೆ ಸೂಟು ಸರಿಮಾಡಿಸಿದ್ದಾರೆ ಇಲ್ಲೇ.

"ಐದು ಸಲ ಎದ್ದು ತೋರಿಸು, ಹೊಲಿಗೆ ಪುಕ್ಕಟೆ."
"ಯಾವಾಗ?"
ಮುಂದಿನ ಗೆಳೆಯ ಹೋದಾಗ
ಎನ್ನಲು ಹೋಗಿ ನಾಲಗೆ ಕಚ್ಚಿಕೊಂಡೆ.
"ಸೆಪ್ಟೆಂಬರಿಗೆ. ಚಳಿ ಹೋಗಲಿ.
ದಿನಾ ಮೊಟ್ಟೆ ತಿನ್ನು, ಮೆಟ್ಟಿಲು ಹತ್ತು."
"ನನ್ನ ಹೆಂಡತಿಯೂ ಹೀಗೇ ಬೈಯುತ್ತಿದ್ದಳು," ಅಂದ,
ಗೋಡೆ ಹಿಡಿದು ಎದ್ದ.

ಸಂಜೆ ಸೊಂಟ ಬಿಟ್ಟೆ. ಇದ್ದಬದ್ದ ಬಟ್ಟೆ ಮುಗಿಯಿತು,
ಇನ್ನು ಅಲ್ಲಿ ಜಾಗವಿಲ್ಲ.
ತೊಡೆಗೆ ಬಂದೆ. ಮೂರು ಸೆಂಟಿಮೀಟರು ಒಳಗೆ.
ಕತ್ತರಿ ಕೈಗೆತ್ತಿಕೊಂಡು ಮತ್ತೆ ಮೇಜಿನ ಮೇಲಿಟ್ಟೆ.
ಹೆಚ್ಚಾದದ್ದನ್ನು ಒಳಗೇ ಮಡಿಚಿ
ಕಚ್ಚಾ ಹೊಲಿಗೆ ಹಾಕಿದೆ,
ಒಂದೆಳೆ ಎಳೆದರೆ ಬಿಚ್ಚಿಕೊಳ್ಳುವಂಥದ್ದು.

ಮಿಷನ್ನು ಆರಿಸಿ
ನಾನೂ ಕೈ ಕಟ್ಟಿಕೊಂಡು ಏಳಲು ನೋಡಿದೆ.
ಎರಡನೆಯ ಸಲಕ್ಕೆ ಎದ್ದೆ.

ಷಟರು ಎಳೆಯಲು ಈಗ ಎರಡು ಕೈ ಬೇಕು ನನಗೆ.
ಯಾವ ತಿಂಗಳಿಂದ ಎಂದು
ಹಲಗೆಯಲ್ಲಿ ಬರೆದಿಟ್ಟಿಲ್ಲ.