ಷರಾ ಕಾಲಂ

ಫ್ಯೂಸು ಕಿತ್ತುಕೊಂಡು ಹೋದ ಲೈನ್‌ಮನ್ ಹುಸೇನಪ್ಪ
ಇದೇ ಶಾಲೆಯಲ್ಲಿ ಮಗ್ಗಿ ಕಲಿತವನು.
‘ತಪ್ಪು ತಿಳೀಬ್ಯಾಡ್ರಿ ಟೀಚರ್, ಮ್ಯಾಲಿನವರ ಆರ್ಡರ್ ಅದ’
ಅಂದು, ಕಂಬದಿಂದಿಳಿದು, ಚಪ್ಪಲಿ ಬಿಟ್ಟೇ ಒಳಬಂದು
ನೀರು ಕುಡಿದು ಹೋದ.

ಕಿಟಕಿಯಾಚೆ ಶಕ್ತಿನಗರದ ಚಿಮಣಿ.
ಅದರ ಬೂದಿಯೊಂದು ನಮಗೆ ಬಿಲ್ಲಿಲ್ಲದೆ ಬರುತ್ತದೆ;
ಆರನೇ ಕ್ಲಾಸಿನವರು ಬೆಂಚಿನ ಮೇಲೆ
ಬೆರಳಲ್ಲಿ ಹೆಸರು ಬರೆದು, ಅಂಗೈಲಿ ಒರೆಸಿ, ಕೂಡುತ್ತಾರೆ.

ಅನುದಾನ ಬಂತು,
ಮಾರ್ಚ್ ಮೂವತ್ತೊಂದರ ಸಂಜೆ ನಾಲ್ಕೂ ಹತ್ತಕ್ಕೆ.
ಐದರೊಳಗೆ ಖಾತೆ ಸೊನ್ನೆಯಾಗಬೇಕು, ಇಲ್ಲವಾದರೆ ವಾಪಸ್ಸು.
ಅದೂ ಗ್ರಂಥಾಲಯದ ಶೀರ್ಷಿಕೆಯಲ್ಲಿ:
ಕರೆಂಟಿಗೆ ಮುಟ್ಟುವಂತಿಲ್ಲ, ಸೀಮೆಸುಣ್ಣಕ್ಕೂ.
ರಾಯಚೂರಿನ ಅಂಗಡಿಯವ ಫೋನಿಗೇ ರಸೀದಿ ಕಳಿಸಿದ.
ಪುಸ್ತಕ ಯಾವುವೋ, ಬರುವುದು ಜೂನಿಗಂತೆ.

ಕ್ಯಾಶ್‌ಬುಕ್ಕಿಗೆ ಕೆಂಪು ಗೆರೆ ಎಳೆದೆ.
ಜಮಾ. ಖರ್ಚು. ಶಿಲ್ಕು ಇಲ್ಲ.

ಅಡುಗೆಯ ಬಸಲಿಂಗಮ್ಮ, ನಾಲ್ಕು ತಿಂಗಳ ಸಂಬಳ ಬಾಕಿಯಾಕೆ,
ಒದ್ದೆ ಕೈ ಸೆರಗಿಗೆ ಒರೆಸುತ್ತ ಬಗ್ಗಿ ನೋಡಿದಳು:
‘ಇದ್ರಾಗ ನಂದು ಯಾವ ಗೆರಿ ರೀ?’

ಹುಡುಕುವವಳಂತೆ ಬೆರಳಾಡಿಸಿದೆ.
ಖಾಲಿಯಿದ್ದ ಷರಾ ಕಾಲಮ್ಮಿನಲ್ಲಿ
ಉದ್ದಕ್ಕೆ ಬೂದಿಯ ಗೀರು.

ಅಳಿಸಲಿಲ್ಲ.
ಆಡಿಟ್‌ನವರು ಕೇಳಿದರೆ ಕೇಳಲಿ.