ಏಳನೇ ವಿಷಯದ ನಡಾವಳಿ

ಸಭೆ ಶುರು ಏಳಕ್ಕೆ. ಬಂದವರು ನೂರಾ ಹನ್ನೊಂದು, ಕುರ್ಚಿ ಎಂಬತ್ತು.
ಹೊರಗೆ ಗಾಜಿನಮನೆಗಳ ಬೆಳಕಿಗೆ
ನವೆಂಬರ್ ಆಕಾಶ ಕಿತ್ತಳೆ ಸಿಪ್ಪೆಯಾಗಿತ್ತು.
ಇದನ್ನು ನಾನು ಬರೆದುಕೊಳ್ಳಲಿಲ್ಲ.
ನಡಾವಳಿಯಲ್ಲಿ ಆಕಾಶಕ್ಕೆ ಕಲಂ ಇಲ್ಲ.

ಮೊದಲು ಮೇಯರ್ ಚೀಟಿ ನೋಡಿ ಓದಿದರು:
ನಾವು ಕೂತ ಈ ನೆಲ ಯಾರದ್ದು, ಎಂದಿನಿಂದ.
ಆ ಹೆಸರನ್ನು ಪ್ರತಿ ತಿಂಗಳಂತೆ ತಪ್ಪಾಗಿ ಅಂದರು.
ವರ್ನಾ ಕಿಕ್ನಾಸ್ವೇ, ಮೂರನೇ ಸಾಲಲ್ಲಿ,
ಹೆಣಿಗೆಯಿಂದ ತಲೆ ಎತ್ತದೆ, ಪ್ರತಿ ತಿಂಗಳಂತೆ ತಿದ್ದಿದರು.
ಥ್ಯಾಂಕ್ಸ್, ಅಂದರು ಮೇಯರ್. ಮುಂದಿನ ವಿಷಯ.

ಏಳು: ಮುಚ್ಚಿಹೋದ ಶಾಲೆಯೊಳಗೆ
ಟೊಮೆಟೊ ಕೀಳುವವರಿಗೆ ಅರವತ್ತನಾಲ್ಕು ಮಂಚ.
ಪರವೋ ವಿರೋಧವೋ, ತಲೆಗೆ ಮೂರು ನಿಮಿಷ.

ವೆಂಡೆಲ್ ಫ್ರೋಸೆ ಎದ್ದ. ಅವನಜ್ಜ ರಷ್ಯಾದಿಂದ ಜೀವ ಹಿಡಿದುಕೊಂಡು ಬಂದವನು,
ಒಂದು ಪೆಟ್ಟಿಗೆ, ಒಂದು ಬೈಬಲ್, ಒಂಬತ್ತು ಮಕ್ಕಳು;
ಅವರ ಜರ್ಮನ್ ಮಾತು ಕೇಳಿ ಈ ಊರು ಅಂದು ಕದ ಹಾಕಿಕೊಂಡಿತ್ತಂತೆ.
ಅದನ್ನೇ ಹೇಳುತ್ತಾನೆ ಅಂದುಕೊಂಡೆ.
"ನಾವು ಸಾಲಲ್ಲಿ ನಿಂತು ಬಂದವರು," ಅಂದ.
ಹತ್ತಿದ ಏಣಿ ಒದೆಯುವ ಸದ್ದು
ಮೈಕಿನಲ್ಲಿ ಚಪ್ಪಾಳೆಯ ಹಾಗೇ ಕೇಳುತ್ತದೆ.

ಕೇಲೀ ಡ್ರೂಯಾರ್, ಮಡಿಲಲ್ಲಿ ಮಗು, ಅಣ್ಣನ ನೆಲಮಾಳಿಗೆಯಲ್ಲಿ ವಾಸ:
"ಬಾಡಿಗೆ ಎರಡು ಪಟ್ಟಾಯಿತು. ನನಗೆ ಇವರ ಮೇಲೆ ಸಿಟ್ಟಿಲ್ಲ.
ಸಿಟ್ಟನ್ನು ಇನ್ನೆಲ್ಲಿಡಬೇಕೋ ಗೊತ್ತಿಲ್ಲ, ಅಷ್ಟೆ."

ಆಮೇಲೆ ಜೊಸೆಲಿನ್ ಪಾರೆ.
ಅವಳ ಅಂಗಳದಲ್ಲಿ ಬಣ್ಣಬಣ್ಣದ ಫಲಕ,
ಐದು ಭಾಷೆಯಲ್ಲಿ: ಇಲ್ಲಿ ಎಲ್ಲರಿಗೂ ಸ್ವಾಗತ.
ಲೈಬ್ರರಿಯ ಪುಸ್ತಕ ತೆಗೆಸಲು ಬಂದವರೆದುರು
ಒಬ್ಬಳೇ ನಿಂತವಳು; ನಾನು ಮೆಚ್ಚಿದವಳು.
"ನನ್ನ ವಿರೋಧ ಜನರಿಗಲ್ಲ. ಚರಂಡಿಗೆ. ಪಾರ್ಕಿಂಗಿಗೆ.
ಮತ್ತೆ, ಒಂದೇ ಸೂರಿನಡಿ ಅಷ್ಟು ಗಂಡಸರು,
ಅವರಿಗಾದರೂ ಅದು ಮಾನವೀಯವೇ?"
ಮಾತು ಪೂರ್ತಿ ಸುಳ್ಳಲ್ಲ. ಅದೇ ತೊಡಕು.
ಪಾರ್ಕಿಂಗ್ ಅಂದಾಗ ಹಿಂದೆ ಯಾರೋ ನಕ್ಕರು:
ಅವರ ಹತ್ತಿರ ಇರುವುದು ಸೈಕಲ್ಲು.

ನಕ್ಕವನೇ ಎದ್ದು ಬಂದ, ಟೋಪಿ ಕೈಯಲ್ಲಿ.
"ಎಜೀಕಿಯಲ್ ಪ್ರೈಸ್. ವೈ ಹಾಕಿ ಬರೆಯಿರಿ ಮೇಡಂ,
ಇಪ್ಪತ್ತೆರಡು ವರ್ಷ ಸಂಬಳದ ಚೀಟಿಯಲ್ಲಿ ತಪ್ಪಾಗೇ ಬಂದಿದೆ.
ವರ್ಷಕ್ಕೆ ಎಂಟು ತಿಂಗಳು ಇಲ್ಲಿ, ಉಳಿದಿದ್ದು ಜಮೈಕಾ.
ಮಂಚದ ವಿಷಯ ನೀವೇ ನೋಡಿಕೊಳ್ಳಿ.
ನಾಲ್ಕನೇ ಅಡ್ಡರಸ್ತೆಗೆ ಒಂದು ದೀಪ ಹಾಕಿಸಿ.
ಸೆಪ್ಟೆಂಬರಿನಲ್ಲಿ ಲಿನ್‌ವಾಲನ್ನು ಕಾರು ಹೊಡೆಯಿತು.
ಅವನ ಸೈಕಲ್ಲು ಇನ್ನೂ ಕಾಲುವೆಯಲ್ಲಿದೆ."

ಗಿಡಕ್ಕೆ ಇರುಳೇ ಇಲ್ಲದ ಊರು ಇದು.
"ದೀಪ ಇವತ್ತಿನ ಕಾರ್ಯಸೂಚಿಯಲ್ಲಿಲ್ಲ," ಅಂದರು ಮೇಯರ್,
ಮೆತ್ತಗೆ, ನಿಜಕ್ಕೂ ನೊಂದು.

ಈಗ ನನ್ನದೊಂದು, ಇದೂ ನಡಾವಳಿಗಲ್ಲ.
ನನ್ನಮ್ಮ ಅಸೋರ್ಸ್ ದ್ವೀಪದಿಂದ ಬಂದವಳು, ಕೆಚಪ್ ಕಾರ್ಖಾನೆಯ ಕೈ;
ಬಸ್ಸಿನಲ್ಲಿ ಅವಳ ಪಕ್ಕದ ಸೀಟು
ಕೊನೇ ಸ್ಟಾಪಿನವರೆಗೆ ಖಾಲಿ.
ಅವಳ ಮಗಳು ನಾನು ಭಾನುವಾರ ಸಂಜೆ
ಅಂಗಡಿ ಮುಂದೆ ಅವರ ಗುಂಪು ಕಂಡರೆ
ಹೆಬ್ಬೆರಳು ತಾನಾಗಿ ಕಾರಿನ ಗುಂಡಿಗೆ ಹೋಗುತ್ತದೆ. ಟಕ್.
ಅದು ಅವರಿಗೆ ಕೇಳುತ್ತದೆ.
ಕೇಳುತ್ತದೆಂದು ನನಗೂ ಗೊತ್ತು.

ಮತದಾನ ಮುಂದಕ್ಕೆ. ಸಭೆ ಮುಗಿದದ್ದು ಹತ್ತೂಕಾಲಕ್ಕೆ.
ನಮೂನೆ ಕೇಳುತ್ತದೆ: ಮಾತಾಡಿದವರು ನಿವಾಸಿಯೋ, ಅಲ್ಲವೋ.
ವೈ ಹಾಕಿ ಪ್ರೈಸ್ ಎಂದು ಬರೆದೆ.
ಪಕ್ಕದಲ್ಲಿ ನಿವಾಸಿ ಎಂದೂ. ಮುಂದಿನ ತಿಂಗಳು
ಯಾರಾದರೂ ತಿದ್ದಬಹುದು; ತಿದ್ದಲಿ, ಹೆಸರು ಹೇಳಿ ತಿದ್ದಲಿ.

ಮನೆಗೆ ನಾಲ್ಕನೇ ಅಡ್ಡರಸ್ತೆಯಲ್ಲೇ ಹೋಗೋಣವೆಂದು
ಕಾರು ಹೊರಡಿಸಿದೆ.
ಬಾಗಿಲುಗಳು ತಾವೇ ಹಾಕಿಕೊಂಡವು, ಟಕ್.
ಈಗಿನ ಕಾರುಗಳನ್ನು ಮಾಡಿರುವುದೇ ಹಾಗೆ.