ಕೀಲಿಕೈ

ಶಹಾಬಜಾರದ ಈ ಮಾಳಗಿ ಖೋಲಿಗೆ
ಬಾಗಲಾ ಒಂದು, ಕಿಡಕಿ ಒಂದು.
ಮೇ ತಿಂಗಳು. ನೆಲದ ಫರಸಿ
ರಾತ್ರಿ ಹತ್ತಕ್ಕೂ ಅಂಗಾಲು ಸುಡ್ಲತ್ತಾದ.

ಸಂಜಿಗೆ ಲಾಡ್ಲೇಸಾಬ ಬಂದಿದ್ದ, ಹೆಗಲಿಗೆ ಡಬ್ಬಿ ಹಾಕ್ಕೊಂಡು.
ನನ್ನ ಬಲಗೈ ನೋಡಿದ,
ಮೊಣಕೈಯಿಂದ ಬಟ್ಟಿನ ತನಕ ಪ್ಲಾಸ್ಟರ್.
ಏನೂ ಕೇಳಲಿಲ್ಲ.
ಕೇಳಿದ್ದರ ಸ್ಕೂಟಿ ಮ್ಯಾಲಿಂದ ಬಿದ್ದೆ ಅಂತಿದ್ದೆ.
ನನಗ ಸ್ಕೂಟಿ ಹೊಡೀಲಿಕ್ಕ ಬರಲ್ಲ.

ಠಾಣೆದಾಗ ಬಾಯಿ ತುಂಬ ಕೇಳಿದ್ದರು.
ಮದುವಿ ಆಗಿತ್ತಾ?
ಇಲ್ಲರಿ.
ಬಿಟ್ಟಿದ್ದು ಯಾರು, ನೀನಾ, ಅವನಾ?
ನಾ, ಅಂದೆ.
ಬರೀತಿದ್ದಾಕಿ ಪೆನ್ನು ನಿಂದರಿಸಿ ಮುಖಾ ನೋಡಿದಳು.
ಬಿಟ್ಟು ನಾಕ ತಿಂಗಳಾಗ್ಯಾದ ಅಂತಿ,
ಮತ್ತ ಈಗ್ಯಾಕ ಹೊಡದಾನ?
ಅದಕ್ಕೇ ಹೊಡದಾನ್ರೀ ಮೇಡಂ. ಬಿಟ್ಟಿದ್ದಕ್ಕ.
ಕೂಡಿದ್ದಾಗ ಬರೇ ಬೈತಿದ್ದ.
ಅವನ ಹೆಸರು ಆ ಹಾಳ್ಯಾಗ ಅದ.
ಇಲ್ಲಿ ಬ್ಯಾಡ.

ಮೊದಲನೇ ತಿಂಗಳು ಅತ್ತ.
ಎರಡನೇದ್ರಾಗ ನಮ್ಮ ಟೇಲರ್ ಅಂಗಡಿ ಎದುರು
ಚಾ ಗಾಡಿಗೆ ನಿಂತು ದಿನಾ ಐದು ಚಾ ಕುಡದ.
ನಾ ಹೆಮ್ಮಿಂಗ್ ಹಾಕ್ತಾ ಕಪ್ಪು ಎಣಸ್ತಿದ್ದೆ.
ಆಮ್ಯಾಲೆ ಚಿತ್ತಾಪುರಕ್ಕ ಫೋನ್ ಹಚ್ಚಿ
ನಿಮ್ಮ ಮಗಳು ಕೈ ಕೊಟ್ಟಳು ಅಂತ ನಮ್ಮವ್ವನ ಮುಂದ ಅತ್ತ.
ಅವ್ವ ಅಂದಳು,
ಒಮ್ಮೆ ಮಾತಾಡಿ ಬಿಡವಾ ಭಾಗಿ, ಪಾಪ ಅನಸ್ತಾದ.
ಒಮ್ಮೆ ಮಾತಾಡಿದೆ.
ಕೀಲಿಕೈ ವಾಪಸ್ ಕೊಟ್ಟ.
ಅಂಗೈ ಮ್ಯಾಲಿಟ್ಟು, ಒಂದೊಂದೇ ಬಟ್ಟು ಮಡಚಿ,
ಜ್ವಾಕಿ, ಅಂದ.

ಹನ್ನೆರಡು ದಿನಾ ಆಗಿತ್ತು.
ಬಾಗಲಾ ಬಡೀಲಿಲ್ಲ ಅವ.
ತೆಗದು ಬಂದ.

ನನ್ನ ಕೈ ಬಿಟ್ಟೆಲ್ಲ,
ಯಾವ ಕೈಲೆ ಬಿಟ್ಟಿ, ತೋರಸು.

ಕೆಳಗಿನ ಮನಿ ಕಾಶೀಬಾಯಿ
ಟಿವಿ ಆವಾಜ್ ಕಮ್ಮಿ ಮಾಡಿದ್ದು ಕೇಳಿತು.
ಮತ್ತ ಹೆಚ್ಚು ಮಾಡಿದ್ದೂ ಕೇಳಿತು.

ಲಾಡ್ಲೇಸಾಬ ಹಳೇ ಕೀಲಿ ಬಿಚ್ಚಿದ.
ನನ್ನ ಕೀಲಿಕೈ ಇಸಕೊಂಡು ಬೆಳಕಿಗೆ ಹಿಡದ,
ಹೆಬ್ಬಟ್ಟಿಲೆ ಅದರ ಹಲ್ಲು ಸವರಿದ,
ಮತ್ತೊಮ್ಮೆ ಸವರಿದ.
ಇದರ ಜೋಡಿ ನಾನೇ ಕೊರದೀನಿ ಬೇಟಿ.
ಮನ್ಯಾಕಿ ಕಳಕೊಂಡಾಳ ಅಂದಿದ್ದ. ನಲವತ್ತು ರೂಪಾಯಿ.
ಛಲೋ ಮನಷ್ಯಾ ಅನಿಸಿತ್ತು.
ನನಗೂ ಅನಿಸಿತ್ತು, ಅಂದೆ.

ಹೊಸಾದು ಬಿಗಿ ಇತ್ತು, ಎಡಗೈಗೆ ತಿರಗ್ಲಿಲ್ಲ.
ಕಿವಿ ಮ್ಯಾಗಿನ ಪೆನ್ಸಿಲ್ ತಗದ,
ಸೀಸಾ ಕೆರದು, ಪುಡಿ ಅಂಗೈಯಾಗ ಹಿಡದು
ತೂತಿನೊಳಗ ಊದಿದ.
ಈಗ ತಿರಗಸು.
ತಿರಗಿತು.
ಮತ್ತೊಮ್ಮೆ. ಕತ್ತಲದಾಗ ಹ್ಯಾಂಗ ಮಾಡ್ತಿ, ಕಣ್ಣು ಮುಚ್ಚಿ ಮಾಡು.
ಎಂಟ್ಹತ್ತು ಸಲ ಮಾಡಸಿದ, ಅ ಆ ತಿದ್ದಸಿದಂಗ.
ಕೀಲಿ ಗಟ್ಟಿ ಅದ, ಬಾಗಲಾ ಹಳೇದು,
ಅದನ್ನ ಮಾಲಕಗ ಹೇಳು, ಅಂದ.
ಮಾಲಕ ಏನಂದಾನ ಅಂತ ನಾ ಹೇಳಲಿಲ್ಲ:
ಈ ತಿಂಗಳು ಮುಗದ ಮ್ಯಾಲೆ ಬ್ಯಾರೆ ಕಡಿ ನೋಡ್ಕೋ.

ಲಾಡ್ಲೇಸಾಬ ರೊಕ್ಕ ಎಣಸಿದ.
ನಲವತ್ತು ತಗದು
ಕಿಡಕಿ ಕಟ್ಟಿ ಮ್ಯಾಲಿಟ್ಟು ಇಳದು ಹೋದ.

ಈಗ ಹನ್ನೊಂದು.
ಮೂಲ್ಯಾಗ ಏಳು ಬ್ಲೌಸ್ ಪೀಸು ಕತ್ತರಿಸಿದ್ದು ಹಂಗೇ ಅವ,
ಯಾರದೋ ಲಗ್ನಕ್ಕ.
ಗಲ್ಲಿ ತುದಿಗೆ ಬೈಕ್ ಒಂದು ನಿಂತು,
ತುಸು ಹೊತ್ತಿಗೆ ಚಾಲೂ ಆಗಿ ಹೋಯ್ತು.
ಅವಂದಲ್ಲ. ಅವಂದರ ಸಪ್ಪಳಾ ಬ್ಯಾರೆ.
ಎರಡು ವರ್ಷ ಆ ಸಪ್ಪಳಕ್ಕ
ಚಾ ಇಟ್ಟಾಕಿ ನಾ.

ಪ್ಲಾಸ್ಟರಿನೊಳಗ ಕಡೀಲತ್ತಾದ,
ಬಟ್ಟು ಮುಟ್ಟಲಾರದ ಜಾಗಾದಾಗ.
ಹಳೇ ಕೀಲಿಕೈ ಇನ್ನ ಯಾ ಬಾಗಲಕ್ಕೂ ಆಗಲ್ಲ.
ಹಲ್ಲು ಕೆಳಗ ಮಾಡಿ
ಎಡಗೈಲೆ ಒಳಗ ತೂರಸೀನಿ,
ಮೆಲ್ಲಕ
ಕೆರಕೊಳ್ಳತ್ತೀನಿ.